ವೀಸಾಕ್ಕಾಗಿ ಕಾಯುತ್ತಿರುವ ಗಂಡ-ಹೆಂಡತಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮದುವೆ ಆಗಿದ್ದು 2020ರ ಫೆಬ್ರವರಿಯಲ್ಲಿ, ಬಸವನಗುಡಿಯ ಒಂದು ಛತ್ರದಲ್ಲಿ. ಹದಿನೆಂಟು ದಿನ ಜೊತೆಗಿದ್ದೆವು. ಮಾರ್ಚ್ ಮೊದಲ ವಾರ ನನ್ನ ಗಂಡ ಡಲ್ಲಾಸ್‌ಗೆ ಹೊರಟರು. ಅವರು ಅಮೆರಿಕದ ಪ್ರಜೆ. ಅರ್ಜಿ ಹಾಕಿ ಆಗಿತ್ತು. "ಒಂದು ವರ್ಷ, ಅಷ್ಟೇ" ಅಂದರು. ಅದೇ ಮಾರ್ಚ್ 20ಕ್ಕೆ ಅಮೆರಿಕ ಜಗತ್ತಿನಾದ್ಯಂತ ಮಾಮೂಲಿ ವೀಸಾ ಕೆಲಸ ನಿಲ್ಲಿಸಿತು. ನಮ್ಮ ದೇಶದ ಅಂತರರಾಷ್ಟ್ರೀಯ ವಿಮಾನಗಳೂ ಅದೇ ಹೊತ್ತಿಗೆ ನಿಂತವು. ನಾನು ವಿಮಾನ ಹತ್ತಿದ್ದು 2022ರ ಮೇ ತಿಂಗಳಲ್ಲಿ.

2025ರಲ್ಲಿ ನಾವು ಬೆಂಗಳೂರಿಗೆ ವಾಪಸ್ ಬಂದೆವು. ಈಗ ಕತ್ರಿಗುಪ್ಪೆಯಲ್ಲಿದ್ದೇವೆ. ಪರಿಚಯದವರ ಮಗಳು, ಹಳೇ ಆಫೀಸಿನವರು, ಪಕ್ಕದ ಬೀದಿಯವರ ಸೊಸೆ, ಹೀಗೆ ಯಾರಾದರೂ ಒಬ್ಬರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ವಕೀಲೆ ಅಲ್ಲ, ಸಾಲಿನಲ್ಲಿ ನಿಂತು ಬಂದವಳು. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಣ ಕಟ್ಟುವ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಮದುವೆ ಆಗಿದೆ, ಪತ್ರ ಇದೆ. ಆದರೂ ಯಾಕೆ ಇಷ್ಟು ತಡ?

ಮೊದಲು ನಿಮ್ಮ ಫೈಲ್ ಯಾವ ಸಾಲಿನಲ್ಲಿದೆ ಅಂತ ತಿಳಿದುಕೊಳ್ಳಿ. ಪಕ್ಕದ ಮನೆಯವರ ಸೊಸೆ ಎಂಟು ತಿಂಗಳಲ್ಲಿ ಹೋದಳು, ನಮ್ಮದು ಯಾಕೆ ಆಗಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಜಗಳ ಆಗುತ್ತೆ. ಅವಳು ನಿಂತಿದ್ದ ಸಾಲೇ ಬೇರೆ ಇರುತ್ತೆ.

ಅಮೆರಿಕದ ವಿಷಯ ತೆಗೆದುಕೊಳ್ಳಿ. ಸಂಗಾತಿ ಅಲ್ಲಿನ ಪ್ರಜೆ ಆಗಿದ್ದರೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿ ಇಲ್ಲ. ಅಲ್ಲಿ ತಡ ಆಗೋದು ಕೆಲಸದ ರಾಶಿಯಿಂದ. ಸಂಗಾತಿಯನ್ನು ಕರೆಸಿಕೊಳ್ಳಲು ಅಲ್ಲಿರುವವರು ಹಾಕುವ ಐ-130 ಅರ್ಜಿ ಮೊದಲು ವಲಸೆ ಇಲಾಖೆಗೆ ಹೋಗುತ್ತೆ. ಅಲ್ಲೇ ಒಂದು ವರ್ಷ ದಾಟೋದು ಈಗ ಮಾಮೂಲು. ಅಪ್ರೂವ್ ಆದ ಮೇಲೆ ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎಲ್ಲರೂ ಹೇಳುವ ಎನ್‌ವಿಸಿ. ಅಲ್ಲಿ ಶುಲ್ಕ, ಡಿಎಸ್-260 ಅರ್ಜಿ, ಸಂಗಾತಿಯ ಆದಾಯದ ಐ-864 ಪತ್ರ, ನಿಮ್ಮ ದಾಖಲೆಗಳು. ಎಲ್ಲ ಸರಿ ಇದೆ ಅಂತ ಅವರು ಒಪ್ಪಿದ ಮೇಲೆ ಇಂಟರ್‌ವ್ಯೂ ಡೇಟ್‌ಗೆ ಕಾಯಬೇಕು. ಬೆಂಗಳೂರಿನವರಿಗೂ ಈ ವಲಸೆ ವೀಸಾ ಇಂಟರ್‌ವ್ಯೂ ಸಾಮಾನ್ಯವಾಗಿ ಮುಂಬೈನಲ್ಲೇ. 2025ರ ಜನವರಿಯಲ್ಲಿ ನಮ್ಮೂರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ತುಂಬಾ ಜನ ಖುಷಿಪಟ್ಟರು. ಆದರೆ ಉದ್ಘಾಟನೆಯ ಜೊತೆಗೇ ವೀಸಾ ಸೇವೆ ಶುರುವಾಗಲಿಲ್ಲ.

ಸಂಗಾತಿ ಗ್ರೀನ್ ಕಾರ್ಡ್‌ದಾರ ಆಗಿದ್ದರೆ ಅದು ಎಫ್2ಎ ಸಾಲು. ಇಲ್ಲಿ ಮಿತಿ ಇದೆ. ವರ್ಷಕ್ಕೆ ಸುಮಾರು 88 ಸಾವಿರ, ಅದೂ ಇಡೀ ಜಗತ್ತಿಗೆ, ಮಕ್ಕಳೂ ಸೇರಿ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಅರ್ಜಿ ಹಾಕಿದ ದಿನಾಂಕ, ಬರೋವರೆಗೂ ಕಾಯಬೇಕು. 2019ರ ಮಧ್ಯದಿಂದ 2023ರ ಮಾರ್ಚ್‌ವರೆಗೆ ಇಲ್ಲಿ ದಿನಾಂಕಕ್ಕೆ ಕಾಯಬೇಕಾಗಿಯೇ ಇರಲಿಲ್ಲ. ಏಪ್ರಿಲ್‌ನಲ್ಲಿ ದಿನಾಂಕ ಇದ್ದಕ್ಕಿದ್ದಂತೆ ಹಿಂದೆ ಸರಿಯಿತು. ಆಗ ಸಿಕ್ಕಿಹಾಕಿಕೊಂಡವರಿಗೆ ಆದ ನೋವು ನನಗೆ ಗೊತ್ತು.

ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವ ಮನೆಗಳದ್ದು ಬೇರೆ ಕಥೆ. ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ಅದರಲ್ಲಿ ಶೇಕಡಾ 7ರ ಮಿತಿ. ಭಾರತದವರ ಸಾಲು ಹತ್ತು ವರ್ಷಕ್ಕೂ ಜಾಸ್ತಿ ಇರೋದು ಅದಕ್ಕೇ. ಅಲ್ಲಿ ಗಂಡ-ಹೆಂಡತಿ ಜೊತೆಗಿರಬಹುದು, ಆದರೆ ಸ್ಟಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟ್‌ಗೆ ಹೊಸ ವೀಸಾ ಹಾಕಿಸಲು, ಊರಿಗೆ ಬಂದಾಗ ಒಬ್ಬರು ಇಲ್ಲೇ ಉಳಿದುಬಿಡುವ ಭಯ. 2025ರ ಸೆಪ್ಟೆಂಬರ್ 2ರಿಂದ ಇಂಟರ್‌ವ್ಯೂ ಇಲ್ಲದೆ ವೀಸಾ ಪಡೆಯುವ ಡ್ರಾಪ್‌ಬಾಕ್ಸ್ ಸೌಲಭ್ಯ ಬಹುಪಾಲು ಜನಕ್ಕೆ ನಿಂತಿತು. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಸಂಗಾತಿ, ಮಕ್ಕಳ ಎಚ್-4 ಅರ್ಜಿದಾರರ ಸೋಶಿಯಲ್ ಮೀಡಿಯಾ ತಪಾಸಣೆ ಶುರುವಾಯಿತು. ಆಗ ಎಷ್ಟೋ ಜನರ ಡೇಟ್ ತಿಂಗಳುಗಟ್ಟಲೆ ಮುಂದೆ ಹೋಯಿತು. ಎರಡು ವಾರದ ರಜೆಗೆ ಬಂದವರು, ಮಗುವಿನ ಸ್ಕೂಲು ಅಲ್ಲಿ, ತಾಯಿ ಇಲ್ಲಿ.

ಕೆನಡಾದಲ್ಲಿ ಸಂಗಾತಿಯ ಸ್ಪಾನ್ಸರ್‌ಶಿಪ್‌ಗೆ ಇಲಾಖೆ ತಾನೇ ಇಟ್ಟುಕೊಂಡ ಗುರಿ 12 ತಿಂಗಳು. ಅದು ಗುರಿ, ಗ್ಯಾರಂಟಿ ಅಲ್ಲ. ಬ್ರಿಟನ್‌ನಲ್ಲಿ ಕಾಯೋದಕ್ಕಿಂತ ಆದಾಯದ್ದೇ ತಲೆನೋವು. 2024ರ ಏಪ್ರಿಲ್ 11ರಿಂದ ಸ್ಪಾನ್ಸರ್‌ನ ಆದಾಯ ವರ್ಷಕ್ಕೆ 29,000 ಪೌಂಡ್ ಇರಬೇಕು ಅಂತ ಆಯಿತು, ಮೊದಲು 18,600 ಇತ್ತು. ಸಂಬಳ ಅಷ್ಟು ಏರುವವರೆಗೆ ಅರ್ಜಿಯನ್ನೇ ಹಾಕದೆ ಕೂತ ಜೋಡಿಗಳಿವೆ. ಜರ್ಮನಿಗೆ ಸಂಗಾತಿಗೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಬೇಕು, ಬ್ಲೂ ಕಾರ್ಡ್ (ಹೆಚ್ಚು ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಇರುವವರ ಸಂಗಾತಿಗೆ ಅದರಿಂದ ವಿನಾಯಿತಿ ಇದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ತರಗತಿಗೆ ಹೋಗುವ ಹೊಸ ಮದುಮಕ್ಕಳಲ್ಲಿ ಎಷ್ಟೋ ಜನ ಇದಕ್ಕಾಗಿಯೇ ಹೋಗುವವರು.

ನಮ್ಮ ಕಡೆಯಿಂದ ತಡ ಆಗದ ಹಾಗೆ ಏನು ಮಾಡಬಹುದು?

ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಒಂದು ಊರಿಂದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಇನ್ನೊಂದು ರೀತಿ. ಮದುವೆ ಪತ್ರದಲ್ಲಿ ಗುಮಾಸ್ತರು ಕೇಳಿದ ಹಾಗೆ ಇನ್ನೊಂದು. ನಮಗೆ ಇದು ಸಹಜ. ದೂರದ ದೇಶದ ಅಧಿಕಾರಿಗೆ ಇವರು ನಾಲ್ಕು ಬೇರೆ ಬೇರೆ ಜನ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ "ಮೊದಲ ಹೆಸರು ಗೊತ್ತಿಲ್ಲ" ಅಂತ ಬಂದು ಕೂರುತ್ತೆ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರು. ಆದ್ದರಿಂದ ಪಾಸ್‌ಪೋರ್ಟ್ ಹೇಗಿದೆಯೋ ಹಾಗೇ ಮದುವೆ ನೋಂದಣಿ ಮಾಡಿಸಿ. ಬೇರೆ ದಾಖಲೆ ಹೊಂದದಿದ್ದರೆ ಆ ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಮೊದಲೇ ಇಟ್ಟುಕೊಳ್ಳಿ. ಫೈಲ್ ನಡುವೆ ಇರುವಾಗ ಗಂಡನ ಮನೆ ಹೆಸರು ಸೇರಿಸೋ ಆತುರ ಬೇಡ.

ಮದುವೆ ಪತ್ರ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯದು. ಛತ್ರದವರು ಕೊಟ್ಟ ರಸೀತಿ, ದೇವಸ್ಥಾನದ ಚೀಟಿ ಸಾಲದು. ಹಿಂದೂ ವಿವಾಹ ನೋಂದಣಿಗೆ ಈಗ ಕಾವೇರಿ 2.0 ತಾಣದಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗುವವರು 30 ದಿನದ ನೋಟಿಸ್ ಲೆಕ್ಕ ಹಾಕಿಕೊಳ್ಳಿ. ಮೂರು ವಾರದ ರಜೆಯಲ್ಲಿ ಬಂದ ವರನಿಗೆ ಅದು ಸಾಲಲ್ಲ, ತುಂಬಾ ಜನ ಇಲ್ಲೇ ಎಡವುತ್ತಾರೆ.

ಜನನ ಪತ್ರ ಇಲ್ಲದವರು ಹೆದರಬೇಡಿ. ಹಳ್ಳಿಯಲ್ಲಿ, ಅಜ್ಜಿ ಮನೆಯಲ್ಲಿ ಹುಟ್ಟಿದವರಿಗೆ ಎಷ್ಟೋ ಸಲ ಇರೋದಿಲ್ಲ. ಲಭ್ಯವಿಲ್ಲ ಅನ್ನುವ ಪತ್ರ ಮತ್ತು ಹೆತ್ತವರ ಅಫಿಡವಿಟ್ ಸಾಮಾನ್ಯವಾಗಿ ನಡೆಯುತ್ತೆ. ಪೊಲೀಸ್ ಕ್ಲಿಯರೆನ್ಸ್‌ಗೆ ಲಾಲ್‌ಬಾಗ್ ರಸ್ತೆ ಅಥವಾ ಮಾರತ್ತಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ. ಆದರೆ ಅದನ್ನೂ ಮೆಡಿಕಲ್ ಪರೀಕ್ಷೆಯನ್ನೂ ತೀರಾ ಮುಂಚೆ ಮಾಡಿಸಬೇಡಿ, ಎರಡಕ್ಕೂ ವಾಯಿದೆ ಇದೆ. ಅಮೆರಿಕದ ಮೆಡಿಕಲ್ ಸಾಮಾನ್ಯವಾಗಿ ಆರು ತಿಂಗಳು. ವೀಸಾದ ಅವಧಿಯೂ ಅದನ್ನೇ ನೋಡಿಕೊಂಡು ಬರುತ್ತೆ.

ತಿಂಗಳುಗಟ್ಟಲೆ ಸದ್ದೇ ಇಲ್ಲ. ನಮ್ಮ ಫೈಲ್ ಮರೆತುಬಿಟ್ಟರಾ?

ಹಾಗೇನಿಲ್ಲ. ಆದರೆ ಕೇಳುವುದಕ್ಕೆ ದಾರಿಗಳಿವೆ. ಅಮೆರಿಕದ ಇಲಾಖೆ ತನ್ನ ಸಾಮಾನ್ಯ ಅವಧಿಯನ್ನು ವೆಬ್‌ಸೈಟ್‌ನಲ್ಲಿ ಹಾಕಿರುತ್ತೆ, ಅದು ದಾಟಿದ್ದರೆ ವಿಚಾರಣೆ ಹಾಕಬಹುದು. ಅಲ್ಲಿರುವ ಸಂಗಾತಿ ತನ್ನ ಕ್ಷೇತ್ರದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತಿನ ಸದಸ್ಯರ ಕಚೇರಿಗೆ ಬರೆಯಬಹುದು. ಇದು ಶಿಫಾರಸು ಅಲ್ಲ, ಅವರ ದಿನನಿತ್ಯದ ಕೆಲಸ, ಸಂಕೋಚ ಬೇಡ. ನಮಗೆ ಹನ್ನೊಂದು ದಿನದಲ್ಲಿ ಉತ್ತರ ಬಂತು. ಉತ್ತರದಲ್ಲಿದ್ದದ್ದು "ಸಾಲಿನಲ್ಲಿದೆ" ಅಂತಷ್ಟೇ. ಆದರೂ ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ವರ್ಷಗಟ್ಟಲೆ ಕಾರಣವಿಲ್ಲದೆ ನಿಂತಿದ್ದರೆ ಇಲಾಖೆ ತನ್ನ ಕೆಲಸ ಮಾಡಲಿ ಅಂತ ಆದೇಶ ಕೇಳಿ ಕೋರ್ಟ್‌ನಲ್ಲಿ ಮ್ಯಾಂಡಮಸ್ ಹಾಕುವವರೂ ಇದ್ದಾರೆ, ಅದಕ್ಕೆ ಅಲ್ಲಿನ ವಕೀಲರೇ ಬೇಕು.

ಕೆನಡಾ ಆದರೆ ಜಿಸಿಎಂಎಸ್ ನೋಟ್ಸ್ ತರಿಸಿ. ಅಧಿಕಾರಿ ನಿಮ್ಮ ಫೈಲ್‌ನಲ್ಲಿ ಏನು ಬರೆದಿದ್ದಾರೆ ಅನ್ನೋದು ಅದರಲ್ಲಿ ಸಿಗುತ್ತೆ. ಅಲ್ಲಿರುವ ಸಂಗಾತಿಯೇ ಕೇಳಬಹುದು.

ಅರೇಂಜ್ಡ್ ಮದುವೆ. ಜೊತೆಗಿದ್ದ ದಿನ ಕಡಿಮೆ. ನಿಜವಾದ ಮದುವೆ ಅಂತ ಹೇಗೆ ತೋರಿಸೋದು?

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ಸಣ್ಣಗಾಗುತ್ತೆ. ಎಂಟುನೂರು ಜನ ಊಟ ಮಾಡಿ ಹೋದ ಮದುವೆಯನ್ನು ನಿಜ ಅಂತ ಸಾಬೀತು ಮಾಡೋದು ಅವಮಾನ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತ್ತು.

ಲಗ್ನಪತ್ರಿಕೆ, ಎರಡೂ ಮನೆಯವರು ಇರುವ ಫೋಟೋ, ಟಿಕೆಟ್‌ಗಳು, ಹಣ ಕಳಿಸಿದ ದಾಖಲೆ, ನಾಮಿನಿ ಹೆಸರು ಬದಲಿಸಿದ ಪತ್ರ, ಕರೆಗಳ ಪಟ್ಟಿ, ಇವೆಲ್ಲ ಆಗುತ್ತೆ. ಬರೀ ಮುಹೂರ್ತದ ಫೋಟೋ ಇನ್ನೂರು ಕೊಡುವ ಬದಲು, ನಿಶ್ಚಿತಾರ್ಥದಿಂದ ಇವತ್ತಿನವರೆಗೆ ಹರಡಿದ ಇಪ್ಪತ್ತು ಕೊಡಿ. ಇಂಗ್ಲಿಷ್‌ನಲ್ಲಿ ಒಂದೊಂದು ಸಾಲು ವಿವರಣೆ ಇರಲಿ. ಧಾರೆ ಅಂದರೇನು, ಅಲ್ಲಿ ನಿಂತವರು ಯಾರು ಅಂತ ಅವರಿಗೆ ಗೊತ್ತಿರಲ್ಲ.

ಚಾಟ್ ಕೂಡ ಪ್ರಿಂಟ್ ಮಾಡಬೇಕು ಅಂದಾಗ ನನಗೆ ಅಳು ಬಂತು. ಗಾಂಧಿ ಬಜಾರ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ತಿಂಗಳಿಗೆ ಎರಡು ಪುಟದಂತೆ ಆರಿಸಿದ್ದೆ. ಅಂಗಡಿಯ ಹಿರಿಯರು ಮೆಷಿನ್‌ನಿಂದ ಬಂದ ಹಾಳೆಗಳನ್ನು ತಲೆಕೆಳಗು ಮಾಡಿ, ಬಿಳಿ ಬದಿ ಮೇಲೆ ಬರುವ ಹಾಗೆ ಇಟ್ಟು ಎಣಿಸಿದರು. ಒಂದಕ್ಷರ ಓದಲಿಲ್ಲ. ಹಳೇ ಪೇಪರ್‌ನಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದು ನೋಡಿದರೆ ಎಲ್ಲ ಪುಟದಲ್ಲೂ ಅದೇ ಮಾತು: ಊಟ ಆಯ್ತಾ, ಮಳೆ ಬಂತಾ, ಏನು ಬಂತು ಸುದ್ದಿ. ಖಾಸಗಿ ಮಾತು ಕೊಡಬೇಕಾಗಿಲ್ಲ ಅಂತ ಆಗ ಗೊತ್ತಾಯಿತು. ದಿನಾ ಕೇಳಿದ "ಊಟ ಆಯ್ತಾ" ಸಾಕು.

ಫೋನ್ ಮಾಡಿದರೆ ಸಾಕು, ಜಗಳ. ನಮ್ಮಲ್ಲೇ ಏನಾದರೂ ತಪ್ಪಿದೆಯಾ?

ಹೆಚ್ಚಿನ ಸಲ ಇಲ್ಲ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ಅವರು ಕೈಗೆ ಸಿಗಲ್ಲ, ಸಿಗೋದು ಫೋನಿನ ಆ ಕಡೆ ಇರುವವರು ಮಾತ್ರ. "ನೀನು ಆ ಫಾರ್ಮ್ ಒಂದು ವಾರ ಮೊದಲೇ ಕಳಿಸಿದ್ದರೆ", "ನೀನು ಪೌರತ್ವಕ್ಕೆ ಇನ್ನೂ ಬೇಗ ಅರ್ಜಿ ಹಾಕಿದ್ದರೆ". ನಾವೂ ಇದನ್ನೇ ಮಾಡಿದೆವು. ಒಂದು ದಿನ ಲೆಕ್ಕ ಹಾಕಿದರೆ, ನಾಲ್ಕು ದಿನದಿಂದ ಕೇಸ್ ಬಿಟ್ಟು ಬೇರೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆವು. ಕೇಸಿನ ಮಾತು ಭಾನುವಾರ ಮಾತ್ರ, ಅರ್ಧ ಗಂಟೆ. ಸ್ಟೇಟಸ್ ನೋಡೋದು ಒಬ್ಬರೇ, ಅವರು. ನನ್ನ ಫೋನ್‌ನಿಂದ ಆ ತಾಣವನ್ನೇ ತೆಗೆದೆ. ಏನಾದರೂ ಬಂದರೆ ತಕ್ಷಣ ಹೇಳೋದು, ಬರದಿದ್ದರೆ "ಇನ್ನೂ ಇಲ್ಲ" ಅಂತ ದಿನಾ ಹೇಳದೇ ಇರೋದು. ಮೊದಲ ವಾರ ಮಾತೇ ಸಿಗಲಿಲ್ಲ. ಎರಡನೇ ವಾರ ಅವರು ಬೇಳೆ ಸಾರು ಮಾಡೋದು ಹೇಗೆ ಅಂತ ಕೇಳಿದರು. ಫೋನನ್ನು ಒಲೆ ಪಕ್ಕ ನಿಲ್ಲಿಸಿಕೊಂಡು ಒಗ್ಗರಣೆ ಹಾಕಿದರು. ಆ ಕರೆ ಒಂದೂವರೆ ಗಂಟೆ ನಡೆಯಿತು.

ಗಡಿಯಾರದ್ದೂ ಒಂದು ಮಾತು. ಡಲ್ಲಾಸ್‌ಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹನ್ನೊಂದೂವರೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತೆ. ಆ ವಾರ ಹೊಂದಾಣಿಕೆ ಮಾಡದೆ ಎಷ್ಟು ಜನ "ನೀನು ಈಗ ಫೋನೇ ಎತ್ತಲ್ಲ" ಅಂತ ಕಿತ್ತಾಡಿದ್ದಾರೆ! ಯಾವಾಗಲೂ ಒಬ್ಬರೇ ನಿದ್ದೆ ಕೆಡಿಸಿಕೊಳ್ಳುವ ಹಾಗೆ ಇಟ್ಟುಕೊಳ್ಳಬೇಡಿ, ವಾರ ವಾರ ಬದಲಿಸಿ.

"ಇನ್ನೂ ಹೋಗಿಲ್ವಾ?" ಅಂತ ಕೇಳುವವರಿಗೆ ಏನು ಹೇಳೋದು?

"ಸಾಲಿನಲ್ಲಿದೆ, ಬಂದ ದಿನ ನಾನೇ ಸಿಹಿ ತಂದುಕೊಡುತ್ತೇನೆ." ಇಷ್ಟು ಹೇಳಿ ಬೇರೆ ಮಾತು ತೆಗೆಯಿರಿ. ತಿಂಗಳ ಲೆಕ್ಕ ಹೇಳಲು ಹೋಗಬೇಡಿ, ಮುಂದಿನ ಗೃಹಪ್ರವೇಶದಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ.

ಹಬ್ಬಗಳು ಕಷ್ಟ. ನಮ್ಮಲ್ಲಿ ಹೊಸ ಮದುವೆಯಾದವಳು ಆಷಾಢದಲ್ಲಿ ತವರಿಗೆ ಬರುವುದು ಪದ್ಧತಿ, ಒಂದು ತಿಂಗಳ ಅಗಲಿಕೆ. ಶ್ರಾವಣದಲ್ಲಿ ಕರೆದುಕೊಂಡು ಹೋಗುತ್ತಾರೆ. ನನ್ನ ಓರಗೆಯವರೆಲ್ಲ ಹೋದರು. ನಾನು ತವರಲ್ಲೇ ಮೂರು ಶ್ರಾವಣ ಕಾಣುತ್ತೇನೇನೋ ಅಂತ ಹೆದರಿದ್ದೆ, ಎರಡಕ್ಕೆ ಮುಗಿಯಿತು. ಮೊದಲ ಭೀಮನ ಅಮಾವಾಸ್ಯೆಗೆ ಅಮ್ಮ ಮಣೆ ಹಾಕಿ ಅದರ ಮೇಲೆ ಫೋನ್ ನಿಲ್ಲಿಸಿದರು, ದೀಪದ ಕಂಬಕ್ಕೆ ಒರಗಿಸಿ. ಇಲ್ಲಿ ಬೆಳಿಗ್ಗೆ ಏಳೂವರೆ, ಅಲ್ಲಿ ಹಿಂದಿನ ರಾತ್ರಿ ಒಂಬತ್ತು. ಅವರು ಪಂಚೆ ಉಟ್ಟು ಕೂತಿದ್ದರು. ಪಾದಪೂಜೆ ಮಾಡಬೇಕಲ್ಲ, ನಾನು ಫೋನಿನ ಕೆಳಗಿನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿದೆ. ಕವರ್ ಮೇಲಿನ ಆ ಹಳದಿ ಕಲೆ ಕೊನೇವರೆಗೂ ಹೋಗಲಿಲ್ಲ. ಹಬ್ಬ ಬಿಟ್ಟುಬಿಡೋಣ ಅಂತ ನಿಮಗೂ ಅನ್ನಿಸಬಹುದು. ಬಿಡಬೇಡಿ. ಹೇಗೆ ಆಗುತ್ತೋ ಹಾಗೆ ಮಾಡಿ.

ಅಲ್ಲಿಯವರೆಗೆ ಎಲ್ಲಿರಬೇಕು? ಅತ್ತೆ ಮನೆಯಲ್ಲಾ, ತವರಲ್ಲಾ?

ನಿಮಗೆ ನೆಮ್ಮದಿ ಇರುವ ಕಡೆ. ಗಂಡ ಇಲ್ಲದ ಮನೆಯಲ್ಲಿ ಸೊಸೆ ಒಬ್ಬಳೇ ಇರುವುದು ಇಬ್ಬರಿಗೂ ಕಷ್ಟ, ಅತ್ತೆಗೂ ಪಾಪ ಹೇಗೆ ನಡೆದುಕೊಳ್ಳಬೇಕು ಗೊತ್ತಾಗಲ್ಲ. ಆದರೆ ತಿಂಗಳಿಗೆ ಎರಡು ದಿನ ಹೋಗಿ ಬನ್ನಿ. ಗಂಡಸರು ಇಲ್ಲಿ ಕಾಯುತ್ತಿದ್ದರೆ ಅವರಿಗೂ ಇದೇ ಮಾತು. ಹೆಂಡತಿ ಅಲ್ಲಿ ದುಡಿಯುತ್ತಾಳೆ, ಇವನು ಇಲ್ಲಿ ಕಾಯುತ್ತಾನೆ ಅಂತ ಆಡಿಕೊಳ್ಳುವ ನೆಂಟರಿಂದ ಅವರಿಗೆ ಆಗುವ ನೋವು ಹೊರಗೆ ಕಾಣಲ್ಲ.

ಕೆಲಸ ಬಿಡಬೇಕಾ?

ಬೇಡ. ಪಾಸ್‌ಪೋರ್ಟ್‌ನಲ್ಲಿ ವೀಸಾ ಅಂಟಿಸಿ ಕೈಗೆ ಬರುವವರೆಗೂ ಬೇಡ. ನಾನು ಐ-130 ಅಪ್ರೂವ್ ಆದ ಖುಷಿಗೆ 2021ರ ಜನವರಿಯಲ್ಲಿ ರಾಜೀನಾಮೆ ಕೊಟ್ಟೆ. ಇನ್ನೇನು ಮೂರು ತಿಂಗಳು ಅಂದುಕೊಂಡಿದ್ದೆ. ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಬಾಕಿ ಬೆಟ್ಟದಷ್ಟಿತ್ತು. ಹದಿನಾರು ತಿಂಗಳು ಮನೆಯಲ್ಲಿ ಕೂತೆ. ದಿನಾ ಬೆಳಿಗ್ಗೆ ಎದ್ದು ಮಾಡಲು ಏನೂ ಇರಲಿಲ್ಲ. ಕಾಯುವುದಕ್ಕಿಂತ ಅದೇ ನನ್ನನ್ನು ಜಾಸ್ತಿ ಕುಗ್ಗಿಸಿತು.

ನಮ್ಮೂರಿನ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ಅಂತ ಹೆದರಿ ಮುಂಚೆ ಬಿಡುವವರಿದ್ದಾರೆ. ವೀಸಾ ಬಂದ ಮೇಲೂ ಹೋಗಲು ಸಮಯ ಕೊಟ್ಟಿರುತ್ತಾರೆ, ನೋಟಿಸ್ ಮುಗಿಸಿಯೇ ಹೊರಡಬಹುದು. ಬಾಡಿಗೆ ಮನೆಯೂ ಅಷ್ಟೇ. ಮನೆ ಬಿಟ್ಟುಬಿಟ್ಟರೆ ಮತ್ತೆ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಬೇಕು. ಗಾಡಿ ಮಾರಬೇಡಿ. ಹೊಸ ಕೋರ್ಸ್‌ಗೆ ಸೇರಬೇಕು ಅನ್ನಿಸಿದರೆ ಸೇರಿ. "ಹೇಗೂ ಹೋಗ್ತೀನಲ್ಲ" ಅನ್ನೋ ಮಾತು ನನ್ನ ಎರಡು ವರ್ಷವನ್ನು ನುಂಗಿತು.

ಅಷ್ಟರಲ್ಲಿ ವಿಸಿಟರ್ ವೀಸಾದಲ್ಲಿ ಹೋಗಿ ಬರಬಹುದಾ?

ಅಮೆರಿಕಕ್ಕೆ ಅರ್ಜಿ ಹಾಕಬಾರದು ಅಂತ ನಿಯಮ ಇಲ್ಲ, ಆದರೆ ಸಿಗೋದು ಕಷ್ಟ. ನೀವು ವಾಪಸ್ ಬರುತ್ತೀರಿ ಅಂತ ಅಧಿಕಾರಿಗೆ ನಂಬಿಕೆ ಬರಬೇಕು, ನಿಮ್ಮ ಐ-130 ಅದಕ್ಕೆ ವಿರುದ್ಧ ಹೇಳುತ್ತೆ. ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ, ದಯವಿಟ್ಟು. ಒಂದು ಸುಳ್ಳು ಮುಂದಿನ ವಲಸೆ ವೀಸಾವನ್ನೇ ಕೆಡಿಸುತ್ತೆ. ಕೆನಡಾ ಕಾನೂನು ಈಗ ಬಂದು ಹೋಗುವ, ಮುಂದೆ ನೆಲೆಸುವ ಎರಡೂ ಉದ್ದೇಶ ಇರಬಹುದು ಅಂತ ಒಪ್ಪುತ್ತೆ, ಅಲ್ಲಿ ಸಿಕ್ಕಿದವರಿದ್ದಾರೆ. ಇಲ್ಲದಿದ್ದರೆ ಅವರೇ ಬರಲಿ, ಅಥವಾ ನಡುವಿನ ಒಂದು ಊರಲ್ಲಿ ಸೇರಿ. ದುಬೈನಲ್ಲಿ ಐದು ದಿನ ಸೇರಿ ಬಂದ ಒಂದು ಜೋಡಿ ಹೇಳಿದ್ದು ನೆನಪಿದೆ: ಏನೂ ನೋಡಲಿಲ್ಲ, ಸುಮ್ನೆ ಒಂದೇ ತಟ್ಟೆಯಲ್ಲಿ ಊಟ ಮಾಡಿದೆವು. ಆ ಟಿಕೆಟ್, ಬೋರ್ಡಿಂಗ್ ಪಾಸ್ ಎತ್ತಿಡಿ, ಸಾಕ್ಷಿಗೂ ಆಗುತ್ತೆ.

ಮಗು ವಿಷಯ ಮುಂದೆ ಹಾಕಬೇಕಾ?

ಇದು ನಿಮ್ಮಿಬ್ಬರದು ಮತ್ತು ನಿಮ್ಮ ಡಾಕ್ಟರ್‌ದು. ವಯಸ್ಸು 35ರ ಹತ್ತಿರ ಇದ್ದರೆ ವೀಸಾ ಆಫೀಸಿಗೆ ಆ ನಿರ್ಧಾರ ಬಿಡಬೇಡಿ, ಈಗಲೇ ಒಮ್ಮೆ ತೋರಿಸಿಕೊಳ್ಳಿ. ಗೊತ್ತಿರಬೇಕಾದ್ದು ಒಂದಿದೆ. ಅಮೆರಿಕದ ಪ್ರಜೆಯ ಮಗು ಇಲ್ಲಿ ಹುಟ್ಟಿದರೆ, ಆ ತಂದೆ ಅಥವಾ ತಾಯಿ ಅಲ್ಲಿ ಒಟ್ಟು ಐದು ವರ್ಷ ಇದ್ದಿದ್ದರೆ, ಅದರಲ್ಲಿ ಎರಡು ವರ್ಷ ಹದಿನಾಲ್ಕು ತುಂಬಿದ ಮೇಲೆ ಇದ್ದರೆ, ಮಗು ಹುಟ್ಟಿನಿಂದಲೇ ಪ್ರಜೆ. ಮಗುವಿಗೆ ಪಾಸ್‌ಪೋರ್ಟ್ ಮೊದಲು ಬಂದು ತಾಯಿಗೆ ವೀಸಾ ಬಾರದ ಮನೆಗಳೂ ಇವೆ. ಆ ತಾಯಂದಿರ ಮುಂದೆ ನನ್ನ ಕಾಯುವಿಕೆ ಏನೂ ಅಲ್ಲ.

ಅವರು ನಿಜವಾಗಲೂ ಅರ್ಜಿ ಹಾಕಿದ್ದಾರಾ ಅಂತ ಅನುಮಾನ. ಕೇಳೋದು ತಪ್ಪಾ?

ತಪ್ಪಲ್ಲ. ಕೇಳಿ. ಅಮೆರಿಕದ ಅರ್ಜಿಗೆ ಮೂರು ಅಕ್ಷರ, ಹತ್ತು ಅಂಕಿಯ ರಸೀದಿ ಸಂಖ್ಯೆ ಬರುತ್ತೆ. ಅದನ್ನು ಹಾಕಿ ಯಾರು ಬೇಕಾದರೂ ಸ್ಟೇಟಸ್ ನೋಡಬಹುದು. ಎನ್‌ವಿಸಿಗೆ ಬಂದ ಮೇಲೆ ಬೇರೆ ಕೇಸ್ ನಂಬರ್, ಮುಂಬೈದಾದರೆ ಬಿಎಂಬಿ ಅಂತ ಶುರುವಾಗುತ್ತೆ. ಈ ಎರಡು ಸಂಖ್ಯೆ ಮದುವೆಯಾದ ಇಬ್ಬರ ಹತ್ತಿರವೂ ಇರಬೇಕು. ಕಾಯುವ ದುಃಖ ಬೇರೆ, ಮೋಸ ಬೇರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅದೇ ಅಪಾಯ.

ಸಂಖ್ಯೆ ಕೇಳಿದರೆ ಸಿಟ್ಟಾಗುತ್ತಾರೆ, ವರ್ಷ ಕಳೆದರೂ ಕಾಗದ ತೋರಿಸಲ್ಲ, ಫೋನ್ ಬ್ಲಾಕ್ ಮಾಡಿದ್ದಾರೆ ಅಂತಾದರೆ ಮನೆಯವರ ಮರ್ಯಾದೆ ಅಂತ ಸುಮ್ಮನಿರಬೇಡಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಮದುವೆಗಳಿಗೇ ಒಂದು ಎನ್‌ಆರ್‌ಐ ಸೆಲ್ ಇದೆ. ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ದೂರು ಹಾಕಬಹುದು. ಬೆಂಗಳೂರಿನಲ್ಲಿ ಕೆ.ಜಿ. ರಸ್ತೆಯ ಕಾವೇರಿ ಭವನದಲ್ಲಿ ರಾಜ್ಯ ಮಹಿಳಾ ಆಯೋಗ ಇದೆ. ಸಹಾಯವಾಣಿ 181. ಮದುವೆ ಪತ್ರ, ಅವರ ಪಾಸ್‌ಪೋರ್ಟ್ ಪ್ರತಿ, ವಿಳಾಸ, ಹಣ ಕೊಟ್ಟ ದಾಖಲೆ ಮೊದಲೇ ಒಂದು ಕವರ್‌ನಲ್ಲಿಡಿ.

ಏಜೆಂಟ್ ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇನೆ ಅನ್ನುತ್ತಾರೆ.

ಆಗಲ್ಲ. ಬ್ರಿಟನ್‌ನಂತಹ ಕಡೆ ಆದ್ಯತೆ ಸೇವೆಗೆ ಸರ್ಕಾರವೇ ಶುಲ್ಕ ಇಟ್ಟಿರಬಹುದು, ಅದು ಅಧಿಕೃತ ತಾಣದಲ್ಲೇ ಕಾಣುತ್ತೆ. ಅದು ಬಿಟ್ಟು ಒಳಗೆ ಜನ ಇದ್ದಾರೆ ಅನ್ನುವವರನ್ನು ನಂಬಬೇಡಿ. ನಾವೂ ಒಬ್ಬ ಕನ್ಸಲ್ಟೆಂಟ್‌ಗೆ ನಲವತ್ತು ಸಾವಿರ ಕೊಟ್ಟೆವು. ಅವರು ನನ್ನ ಹುಟ್ಟಿದ ಊರನ್ನೇ ತಪ್ಪು ತುಂಬಿದ್ದರು. ಸರಿ ಮಾಡಿಸಲು ಎರಡು ತಿಂಗಳು ಹೋಯಿತು.

ನಿದ್ದೆ ಬರಲ್ಲ, ಏನೂ ಬೇಡ ಅನ್ನಿಸುತ್ತೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಣ ಕೊಡಬೇಕಾಗಿಲ್ಲ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಈ ಸೇವೆಯ ಮುಖ್ಯ ಕೇಂದ್ರ. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ನಾನು ಹೋಗಿದ್ದೆ. ಅಲ್ಲಿ ಹೋದರೆ ಫೈಲ್‌ಗೆ ತೊಂದರೆ ಆಗುತ್ತಾ ಅಂತ ಹೆದರಿ ಮೂರು ತಿಂಗಳು ತಡ ಮಾಡಿದ್ದೆ. ನನ್ನ ಫೈಲ್‌ಗೆ ಏನೂ ಆಗಲಿಲ್ಲ. ದೂರದಲ್ಲಿರುವವರಿಗೂ ಕುಸಿತ ಆಗುತ್ತೆ ಅನ್ನೋದು ನೆನಪಿರಲಿ. ಅವರಿಗೆ ಸಂಜೆ ಮನೆಗೆ ಬಂದರೆ ಒಂದು ದನಿಯೂ ಇರಲ್ಲ.

ಇಷ್ಟೆಲ್ಲ ಪಡುವ ಬದಲು ಅವರೇ ಇಲ್ಲಿಗೆ ಬರಬಾರದಾ?

ಬರಬಹುದು. ಇದನ್ನು ಕೊನೆಯ ದಾರಿ ಅಂತ ಇಡಬೇಡಿ, ಮೊದಲ ವರ್ಷವೇ ಮಾತಾಡಿ. ಒಸಿಐ ಕಾರ್ಡ್ (ಭಾರತದ ಸಾಗರೋತ್ತರ ನಾಗರಿಕರ ಕಾರ್ಡ್) ಇರುವವರು ಇಲ್ಲಿ ಇರಬಹುದು, ಕೆಲಸವೂ ಮಾಡಬಹುದು. ನನ್ನ ಗಂಡ ಈಗ ಹಾಗೇ ಇದ್ದಾರೆ. ಅಮ್ಮನ ಆರೋಗ್ಯಕ್ಕಾಗಿ ಬಂದೆವು. 2021ರಲ್ಲಿ ಈ ಮಾತನ್ನು ಇಬ್ಬರೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆವು. ನಾನು ಕೇಳಿದರೆ ಅವರಿಗೆ ಬೇಜಾರಾಗುತ್ತೆ ಅಂತ ನಾನು, ಅವರು ಹೇಳಿದರೆ ನನಗೆ ಆಸೆ ಮುರಿಯುತ್ತೆ ಅಂತ ಅವರು. ಕೇಳಬೇಕಿತ್ತು.

ವೀಸಾ ಬಂದ ಮೇಲೆ ಎಲ್ಲ ಸರಿ ಹೋಗುತ್ತಾ?

ಮುಂಬೈನ ಬಾಂದ್ರಾ ಕುರ್ಲಾದಲ್ಲಿ ನನ್ನ ಇಂಟರ್‌ವ್ಯೂ ಹತ್ತು ನಿಮಿಷವೂ ಆಗಲಿಲ್ಲ. ಮೂರು ಪ್ರಶ್ನೆ. ಗಾಂಧಿ ಬಜಾರ್‌ನಲ್ಲಿ ಪ್ರಿಂಟ್ ಮಾಡಿಸಿದ ಹಾಳೆ ಯಾರೂ ಕೇಳಲಿಲ್ಲ. ಕೆಲವರಿಗೆ 221ಜಿ ಚೀಟಿ ಕೊಡುತ್ತಾರೆ. ಅದು ತಿರಸ್ಕಾರ ಅಂತ ಅಲ್ಲೇ ಅಳಬೇಡಿ, ಹೆಚ್ಚಿನ ಸಲ ಇನ್ನೊಂದು ಕಾಗದ ಅಥವಾ ತಪಾಸಣೆ ಬಾಕಿ ಅಂತ ಅರ್ಥ. ಅಮೆರಿಕಕ್ಕೆ ಕಾಲಿಡುವಾಗ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಷರತ್ತಿನ ಎರಡು ವರ್ಷದ ಕಾರ್ಡ್ ಬರುತ್ತೆ. ಅದು ಮುಗಿಯುವ ಮೊದಲಿನ 90 ದಿನದಲ್ಲಿ ಆ ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು. ನಮಗೆ ಅಷ್ಟು ತಡ ಆಗಿದ್ದರಿಂದ ಹತ್ತು ವರ್ಷದ ಕಾರ್ಡೇ ಬಂತು.

ಆದರೆ ಮನೆಯೊಳಗೆ ಹೊಸದಾಗಿ ಶುರು ಮಾಡಬೇಕು. ಅವರಿಗೆ ಎರಡು ವರ್ಷದಲ್ಲಿ ಒಬ್ಬರೇ ಇರುವ ಅಭ್ಯಾಸ ಆಗಿತ್ತು, ನಿಂತುಕೊಂಡೇ ಊಟ ಮಾಡುತ್ತಿದ್ದರು. ನನಗೆ ಅವರ ದನಿ ಗೊತ್ತಿತ್ತು, ಪಕ್ಕದಲ್ಲಿ ಕೂತರೆ ಏನು ಮಾತಾಡಬೇಕು ಗೊತ್ತಾಗುತ್ತಿರಲಿಲ್ಲ. ಫೋನ್ ಇಲ್ಲದೆ ನಾವಿಬ್ಬರೂ ಮಾತಾಡಿದ್ದೇ ಹದಿನೆಂಟು ದಿನ, ಮಧ್ಯೆ ಅವರು ಒಮ್ಮೆ ಬಂದಿದ್ದಾಗ ಮೂರು ವಾರ. ಎರಡನೇ ವಾರ ಒಂದು ಸಂಜೆ ಏನೋ ಸಣ್ಣದಕ್ಕೆ ಮುನಿಸಿಕೊಂಡೆವು. ಅವರು ಒಳಗಿನ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗ್ ಆಯಿತು. ಅವರದೇ. ಎತ್ತಿದೆ. "ಊಟ ಆಯ್ತಾ?" ಅಂದರು. ಗೋಡೆ ಆಚೆಯಿಂದಲೂ ಕೇಳಿಸಿತು. ಅರ್ಧ ಗಂಟೆ ಹಾಗೇ ಮಾತಾಡಿದೆವು. ಆಮೇಲೆ ಅವರು ಬಾಗಿಲು ತೆಗೆದು ಬಂದರು, ನಾನು ಎರಡು ತಟ್ಟೆ ಹಾಕಿದೆ.